ಬಿಡುವಾದಾಗ ತೋರಿಸಿ

ಸಿಟ್ಟು ನನ್ನ ಮೂಗಿನ ತುದಿಗೇ ಇರ್ತದ, ಅದನ್ನ ಮೊದಲೇ ಹೇಳಿಬಿಡ್ತೀನಿ. ಯಾದಗಿರಿ, ಶಹಾಪುರ, ಸುರಪುರ, ಈ ಮೂರು ತಾಲೂಕಿನ ಸಾಲಿ ತಿರುಗಿ ಮಕ್ಕಳ ಬಾಯಿ ನೋಡಿದ ಆ ಆರು ತಿಂಗಳು ನನ್ನ ಸಿಟ್ಟೆಲ್ಲ ಬ್ಯಾರೆಯವರ ಮ್ಯಾಲ ಇತ್ತು. ಪ್ರಶ್ನಿ ಬರದವರ ಮ್ಯಾಲ, ಸಾಲಿ ಎದುರು ಡಬ್ಬಿ ಅಂಗಡಿ ಇಟ್ಟು ಪೆಪ್ಪರಮೆಂಟು ಮಾರಾವನ ಮ್ಯಾಲ, ಹಾದ್ಯಾಗಿನ ತಗ್ಗಿನ ಮ್ಯಾಲ. ಯಾರ ಮ್ಯಾಲ ಬರಬೇಕಿತ್ತೋ ಅವರ ಮ್ಯಾಲ ಬರಾಕ ತಡ ಆತು.

ನಾನು ಹಲ್ಲಿನ ಡಾಕ್ಟರ್, ಶಹಾಪುರದಾಕಿ. ಮಕ್ಕಳ ಬಾಯಾಗ ಎಷ್ಟು ಹಲ್ಲು ಹುಳುಕಾಗ್ಯಾವ ಅಂತ ಎಣಿಸೋದು ಹಳೇ ಕೆಲಸ. ಆ ಹುಳುಕು ಹುಡುಗರ ಬದುಕಿಗಿ ಏನು ಮಾಡ್ತದ ಅಂತ ಅಳತಿ ಮಾಡೋದು ನಮ್ಮ ಅಧ್ಯಯನ. ಉಣ್ಣಾಕ ತ್ರಾಸ ಆಗ್ತದೇನು, ನಿದ್ದಿ ಕೆಡ್ತದೇನು, ಸಾಲಿ ತಪ್ಪತದೇನು, ನಾಕು ಮಂದ್ಯಾಗ ನಗಾಕ ನಾಚಿಕಿ ಆಗ್ತದೇನು. ಇದಕ್ಕ ಹದಿನಾರು ಪ್ರಶ್ನಿಯ ಒಂದು ಫಾರ್ಮು. ಒಂದೊಂದಕ್ಕೂ ಐದು ಉತ್ತರ: ಒಮ್ಮೆನೂ ಇಲ್ಲ, ಒಂದೆರಡು ಸಲ, ಆಗಾಗ, ಭಾಳ ಸಲ, ದಿನಾಲೂ. 'ಒಮ್ಮೆನೂ ಇಲ್ಲ' ಅಂದ್ರ ಸೊನ್ನಿ, 'ದಿನಾಲೂ' ಅಂದ್ರ ನಾಕು. ಎಲ್ಲಾ ಕೂಡಿಸಿದಾಗ ಅಂಕಿ ದೊಡ್ಡದಾದಷ್ಟು ಆ ಮಗುವಿನ ಜೀವನದ ಗುಣಮಟ್ಟ ಕೆಟ್ಟದು ಅಂತ ತಿಳಿಯೋದು.

ಫಾರ್ಮು ಮುಗಿದ ಮ್ಯಾಲ ಬಾಯಿ ತಪಾಸಣಿ. ಪಡಸಾಲ್ಯಾಗ ಬೆಳಕಿಗಿ ಮುಖ ಮಾಡಿ ಒಂದು ಪ್ಲಾಸ್ಟಿಕ್ ಕುರ್ಚಿ, ನನ್ನ ಕೈಯಾಗ ಬಾಯಿಗನ್ನಡಿ, ಹಣಿ ಮ್ಯಾಲ ಬ್ಯಾಟರಿ. ನಾನು ಒಂದೊಂದು ಹಲ್ಲಿನ ಗುರುತು ಕೂಗಾಕಿ, ಬಾಜೂಕ ಕುಂತ ಅಕ್ಕ ಬರಿಯಾಕಿ. ಈ ಅಕ್ಕ ಸುರಪುರದಾಕಿ, ನನಗಿಂತ ಹದಿನೈದು ವರ್ಷ ದೊಡ್ಡಾಕಿ. ಜನಗಣತಿಯಿಂದ ಹಿಡಿದು ದನಗಣತಿ ತನಕ ಎಲ್ಲಾ ಬರದಾಕಿ. ಅಕಿ ಅಕ್ಷರ ಮುತ್ತು, ಮಾತು ಕಡಿಮಿ.

ಕಡೀಕ ಚೀಟಿ. ನಾವು ಅಳತಿ ಮಾಡಾಕ ಬಂದವರು, ಮದ್ದು ಮಾಡಾಕ ಬಂದವರಲ್ಲ. ತ್ರಾಸ ಇದ್ದ ಮಕ್ಕಳಿಗಿ ಚೀಟಿ ಕೊಟ್ಟು ಕಳಿಸಬೇಕು ಅಂತ ನಿಯಮ. ಎರಡು ನಮೂನಿ ಚೀಟಿ. ಒಸಡಿನ್ಯಾಗ ಕೀವು ಅದ, ಮಗು 'ನೋವು ಅದ, ನಿದ್ದಿ ಇಲ್ಲ' ಅಂತನೂ ಹೇಳ್ತದ ಅಂದ್ರ ಕೆಂಪು ಚೀಟಿ. ಅವತ್ತೇ ತಾಯಿ ತಂದೀನ ಕರಿಸಿ ದವಾಖಾನಿಗಿ ಕಳಿಸಬೇಕು. ಕೀವು ಇದ್ದು ಮಗು 'ಏನೂ ಇಲ್ಲ' ಅಂದ್ರ ಬಿಳಿ ಚೀಟಿ. ಅದರ ಮ್ಯಾಲ ಅಚ್ಚು ಹಾಕಿಸಿದ್ದು ಒಂದೇ ಸಾಲು: 'ಬಿಡುವಾದಾಗ ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ.' ಆ ಸಾಲು ನಾನೇ ಬರದದ್ದು. ಗಾಬರಿ ಹುಟ್ಟಿಸಬಾರ್ದು ಅಂತ ಭಾಳ ವಿಚಾರ ಮಾಡಿ ಬರದಿದ್ದೆ.

ಯಾದಗಿರಿ ತಾಲೂಕಿನ್ಯಾಗ ಶುರು ಮಾಡಿದ್ವಿ. ಮೊದಲನೇ ವಾರದಾಗೇ ನನ್ನ ತಲಿ ಕೆಟ್ಟಿತು. ಬಾಯಿ ತಗಿಸಿದ್ರ ಕರ್ರಗ ತೂತು ಬಿದ್ದ ದವಡಿ ಹಲ್ಲು, ಮುರಿದು ಬೇರಷ್ಟೇ ಉಳಿದ ತುಂಡು. ಫಾರ್ಮು ನೋಡಿದ್ರ ಸೊನ್ನಿ, ಸೊನ್ನಿ, ಸೊನ್ನಿ. ಲೆಕ್ಕ ನಂಬಿದ್ರ ಈ ಜಿಲ್ಲಾದ ಮಕ್ಕಳಷ್ಟು ಸುಖವಾಗಿ ಜಗತ್ತಿನ್ಯಾಗ ಯಾರೂ ಇಲ್ಲ.

ತಪ್ಪು ಭಾಷಾದ್ದು ಅನಕೊಂಡೆ. ನಮ್ಮ ಫಾರ್ಮು 'ಕಳೆದ ಮೂರು ತಿಂಗಳುಗಳ ಅವಧಿಯಲ್ಲಿ ಆಹಾರ ಜಗಿಯಲು ತೊಂದರೆಯಾಗಿದೆಯೇ' ಅಂತ ಕೇಳ್ತಿತ್ತು. ಅಕ್ಕ ಅದನ್ನ ಓದಿ, "ಇದು ಕೋರ್ಟಿನ ನೋಟೀಸ ಇದ್ದಂಗದ ಮೇಡಂ" ಅಂದ್ಲು. ಇಬ್ಬರೂ ಕುಂತು ನಮ್ಮ ಮಾತಿಗಿ ತಿರುಗಿಸಿದ್ವಿ. 'ಹಬ್ಬದಿಂದ ಇಲ್ಲೀ ತನಕ ರೊಟ್ಟಿ ಕಡಿಯಾಕ ತ್ರಾಸ ಆಗ್ಯಾದೇನು?' ಮೂರು ತಿಂಗಳು ಅಂದ್ರ ಹುಡುಗರಿಗಿ ತಿಳಿಯಂಗಿಲ್ಲ, ಹಬ್ಬ ಅಂದ್ರ ತಿಳಿತದ. ಅಧ್ಯಯನ ನಡಿಸೋ ನಮ್ಮ ಮಾರ್ಗದರ್ಶಕರಿಗಿ ಕಳಿಸಿ ಒಪ್ಪಿಗಿ ತಗೊಂಡ್ವಿ. ಎದಿ ಉಬ್ಬಿಸಿಕೊಂಡು ಮತ್ತ ಹೊಂಟೆ. ಮತ್ತ ಸೊನ್ನಿ!

ಸುರಪುರದಾಚೆ, ದೇವಾಪುರ ಹಾದಿ ಕಡಿಗಿ ಒಂದು ಸಾಲಿ. ಊರಿನ ಹೆಸರು ಬ್ಯಾಡ. ಕಾಲುವಿ ನೀರು ಬಂದು ಊರೆಲ್ಲ ಭತ್ತದ ನಾಟಿಗಿ ಇಳಿದ ದಿನ ಅವು. ಅಲ್ಲಿನ ಹೆಡ್ ಮಾಸ್ತರು ಒಳ್ಳೇ ಮನಶ್ಯಾ, ನಗಿಸಿ ಮಾತಾಡಾವ. "ಹಲ್ಲಿದ್ದಾಗ ಕಡ್ಲಿ ಇಲ್ಲ, ಕಡ್ಲಿ ಇದ್ದಾಗ ಹಲ್ಲಿಲ್ಲ ಅಂತಾರ್ರಿ ಮೇಡಂ. ನಮ್ಮ ಹುಡುಗರಿಗಿ ಎರಡೂ ಇಲ್ಲ ನೋಡ್ರಿ" ಅಂದು ತಾನೇ ನಕ್ಕ. ಆಮ್ಯಾಲ ವರ್ಗದಾಗ ನಿಂತು, "ಡಾಕ್ಟರ್ ಸಾಹೇಬ್ರು ಬಂದಾರ. ಕೇಳಿದ್ದಕ್ಕ ಛಂದಾಗಿ ಉತ್ತರ ಹೇಳ್ರಿ" ಅಂದ. ಹುಡುಗರು ಛಂದಾಗಿಯೇ ಹೇಳಿದ್ವು.

ಆರನೇತ್ತದ ಒಂದು ಹುಡುಗಿ ಕುರ್ಚಿಗಿ ಬಂದು ಕುಂತ್ಲು. ಎರಡು ಜಡಿ, ಗಟ್ಟಿ ಮುಚ್ಚಿದ ತುಟಿ. ಬಾಯಿ ತಗಿ ಅಂದ್ರ ಅರ್ಧ ತಗದ್ಲು. ಎಡಕ್ಕ ಕೆಳಗಿನ ದೊಡ್ಡ ದವಡಿ ಹಲ್ಲು ಪೂರಾ ಮುರಿದು ಬೇರಾಗಿತ್ತು. ಒಸಡಿನ ಮ್ಯಾಲ ಜ್ವಾಳದ ಕಾಳಿನಷ್ಟು ಗುಳ್ಳಿ. ಒತ್ತಿದ್ರ ಕೀವು ಬಂತು. ಹಲ್ಲಿನ ಮ್ಯಾಲೆಲ್ಲ ಕರಿ ಪುಡಿ. ಮಿಸ್ರಿ ಅಂತಾರ, ಸುಟ್ಟ ತಂಬಾಕಿನ ಪುಡಿ. ಹಲ್ಲು ನೋವಿಗಿ ತಿಕ್ಕಿದ್ರ ಜೋಮು ಹಿಡಿದು ಸ್ವಲ್ಪ ಹೊತ್ತು ಗೊತ್ತಾಗಂಗಿಲ್ಲ.

"ನೋವಾಗ್ತದೇನವ್ವ?"

"ಇಲ್ರಿ."

"ನಿದ್ದಿ ಬರ್ತದ?"

"ಬರ್ತದ್ರಿ. ಏನೂ ತ್ರಾಸಿಲ್ರಿ."

ಅಕ್ಕ ಅಕಿ ಫಾರ್ಮು ತೋರಿಸಿದ್ಲು. ಹದಿನಾರೂ ಸೊನ್ನಿ. ನನ್ನ ಬಲಗೈ ಕಡಿಗಿ ಎರಡೂ ಚೀಟಿ ಕಟ್ಟು ಇದ್ವು. ಕೀವು ಕಣ್ಣಾರೆ ನೋಡೀನಿ, ಬೆರಳಿಗಿ ಹತ್ಯಾದ. ಆದ್ರೂ ನಿಯಮದ ಪ್ರಕಾರ ಬಿಳಿ ಚೀಟಿ ಹರದು ಅಕಿ ಕೈಯಾಗ ಕೊಟ್ಟೆ.

ಅವತ್ತು ಮಧ್ಯಾಹ್ನದ ಊಟಕ್ಕ ತತ್ತಿ ಬಂದಿರಲಿಲ್ಲ ಅಂತ ಎಲ್ಲಾರಿಗೂ ಶೇಂಗಾ ಚಿಕ್ಕಿ ಕೊಟ್ಟರು. ಹುಡುಗರು ಕಟಕಟ ಕಡಿಯಾಕತ್ತಿದ್ರು. ಈ ಹುಡುಗಿ ತನ್ನದನ್ನ ಪಾಟಿಚೀಲದಾಗ ಇಟ್ಕೊಂಡ್ಲು. ಯಾಕ ತಿನ್ಲಿಲ್ಲ ಅಂದ್ರ, "ತಮ್ಮಗ್ರಿ" ಅಂದ್ಲು. "ನೋಡಕ್ಕ, ತಮ್ಮನ ಮ್ಯಾಲ ಎಷ್ಟು ಅಂತಃಕರಣ" ಅಂದೆ. ಅಕ್ಕ ಹೂಂ ಅಂದ್ಲು.

ಮುಂದಿನ ವಾರ ಶಹಾಪುರ ಕಡಿಗಿ ಇನ್ನೊಂದು ಸಾಲಿಗಿ ಹೋದಾಗ ಪ್ರಾರ್ಥನಾಕ್ಕಿಂತ ಮೊದಲೇ ಮುಟ್ಟಿದ್ವಿ. ಒಳಗ ಒಬ್ಬ ಮಾಸ್ತರು ಹುಡುಗರಿಗಿ ಪಾಠ ಮಾಡಿದಂಗ ಕೇಳಾಕತ್ತಿದ್ದ. "ಊಟ ಛಲೋ ಅದೇನು?" "ಅದ್ರಿ ಸರ್!" "ನೀರು ಬರ್ತದೇನು?" "ಬರ್ತದ್ರಿ ಸರ್!" "ಏನರ ತ್ರಾಸ ಅದೇನು?" "ಏನೂ ತ್ರಾಸಿಲ್ರಿ ಸರ್!" ನೂರು ಬಾಯಿ, ಒಂದೇ ರಾಗ. ಆ ಹುಡುಗಿ ನನ್ನ ಮುಂದ ಕುಂತು ಹೇಳಿದ್ದೂ ಇದೇ ರಾಗದಾಗ.

"ಅಕ್ಕ, ಇದೇನು?"

"ಅಯ್ಯ, ಇದರಾಗೇನದ ಮೇಡಂ. ನಾವು ಸಾಲಿ ಕಲಿಯೋವಾಗಿಂದ ಹಿಂಗೇ ಅದ. ಕೈಯಾಗ ಕಾಗದ ಹಿಡ್ಕೊಂಡು ಬಂದವರು ತ್ರಾಸ ಅದೇನ ಅಂದ್ರ ಇಲ್ರಿ ಅನಬೇಕು. ಅದ ಅಂದ್ರ ಮಾಸ್ತರಿಗಿ ನೋಟೀಸು, ನಮಗ ಏಟು."

"ಮತ್ತ ನನಗ್ಯಾಕ ಹೇಳ್ಲಿಲ್ಲ?"

"ನಿಮಗ ಗೊತ್ತಿರತದ ಅನ್ಕೊಂಡೆ. ನೀವೂ ಈ ಕಡಿಯವರೇ ಅಲ್ಲೇನ್ರಿ?"

ಹೌದು, ಈ ಕಡಿಯಾಕಿನೇ. ಆದ್ರ ಕಲ್ತದ್ದು ಕಾನ್ವೆಂಟಿನ್ಯಾಗ. ನಮ್ಮ ಸಾಲಿಗಿ ಕಾಗದ ಹಿಡ್ಕೊಂಡು ಯಾರೂ ಬರ್ತಿರಲಿಲ್ಲ.

ಅವತ್ತು ಸಂಜಿ ಫಾರ್ಮಿನ ಕಟ್ಟು ಬಿಚ್ಚಿ ಕುಂತೆ. ಕೀವು ಅಂತ ಗುರುತು ಹಾಕಿ ಸೊನ್ನಿ ಬರದವನ್ನೆಲ್ಲ ಬ್ಯಾರೆ ಇಟ್ಟೆ. ಅವೆಲ್ಲ ಬಿಳಿ ಚೀಟಿ ಕೊಟ್ಟ ಮಕ್ಕಳು. ಆ ಎರಡು ಜಡಿ ಹುಡುಗೀದು ಮ್ಯಾಲೇ ಇತ್ತು. ಮಾರ್ಗದರ್ಶಕರಿಗಿ ಫೋನ್ ಹಚ್ಚಿ, ಇವರನ್ನ ವಾಪಸ್ ಕರಿಸಬೇಕು ಅಂದೆ. "ಈ ತಾಲೂಕು ಮುಗಿಸ್ರಿ, ಆಮ್ಯಾಲ ನೋಡೋಣು. ನಡುವ ನಿಂತ್ರ ಅಧ್ಯಯನ ಕೆಡ್ತದ" ಅಂದ್ರು. ನಾನು ಅವರ ಮಾತು ಕೇಳಿದೆ. ನನಗ ಸಿಟ್ಟು ಬರ್ತದ ಅಂದೆನಲ್ಲ, ಅವತ್ತು ಬರಲಿಲ್ಲ ನೋಡ್ರಿ. ಹೂಂರಿ ಸರ್ ಅಂದೆ. ಮೂರು ದಿನ ಫಾರ್ಮು ತುಂಬಿಸಿದೆ.

ನಾಕನೇ ದಿನ ಹೊತ್ತು ಏರೋವಾಗ ಹೆಡ್ ಮಾಸ್ತರ ಫೋನ್ ಬಂತು. "ಮೇಡಂ, ಆ ಆರನೇತ್ತದ ಹುಡುಗಿ ಗದ್ದ ಬಾತು ಕುತಿಗಿ ತನಕ ಬಂದದ್ರಿ. ಮಂಗಬಾವು ಅಂತ ಮನಿಯವರು ಕೆಮ್ಮಣ್ಣು ಹಚ್ಯಾರ. ನನಗ್ಯಾಕೋ ಅದು ಹಂಗ ಕಾಣಂಗಿಲ್ರಿ."

ಜೀಪಿನ್ಯಾಗ ಹೋಗೋವಾಗ ದೇವರಿಗಿ ಬೇಡ್ಕೊಂಡದ್ದು ಒಂದೇ, ಮಂಗಬಾವೇ ಆಗಿರ್ಲಿ. ಮನಿ ಮುಂದ ಕೌದಿ ಮ್ಯಾಲ ಹುಡುಗಿ ಕುಂತಿದ್ಲು. ಮಲಗಾಕ ಬರ್ತಿರಲಿಲ್ಲ, ಮಲಗಿದ್ರ ಉಸಿರು ಕಟ್ತಿತ್ತು. ಗದ್ದದ ಕೆಳಗ ಎರಡೂ ಕಡಿ ಕೆಂಪು ಮಣ್ಣು ಬಳದಿದ್ರು, ಅದರ ಕೆಳಗ ಬಾವು ಕಟಗಿಯಂಗ ಬಿರುಸು. ನಾಲಿಗಿ ಮ್ಯಾಲಕ್ಕೆದ್ದು ಹಲ್ಲಿನ ನಡುವ ಸಿಕ್ಕಿತ್ತು. ಉಗುಳು ನುಂಗಾಕ ಬರದ ಎದಿ ಮ್ಯಾಲ ಸುರಿತಿತ್ತು. ಹಲ್ಲಿನ ಕೀವು ನಾಲಿಗಿ ಬುಡಕ್ಕ ಇಳಿದದ. ಇನ್ನಷ್ಟು ಬಾತ್ರ ಶ್ವಾಸನಾಳ ಮುಚ್ಚತದ. ಪುಸ್ತಕದಾಗ ಓದಿದ್ದೆ, ಇಷ್ಟು ಸಣ್ಣ ಕುತಿಗಿ ಮ್ಯಾಲ ನೋಡಿರಲಿಲ್ಲ.

ಒಳಗ ಹಾಸಿಗಿ ತರಾಕ ಹೋದಾಗ ಗೋಡಿ ಗೂಡಿನ್ಯಾಗ ಚಿಕ್ಕಿ ಪೊಟ್ಟಣ ಕಂಡ್ವು. ಒಂದರ ಮ್ಯಾಲ ಒಂದು, ಇರುವಿ ಹತ್ತಿದ್ವು. "ಇವು ತಮ್ಮಗ ತಂದಾಳೇನು?" ಅಂದೆ. ತಾಯಿ ನನ್ನ ಮುಖ ನೋಡಿದ್ಲು. "ತಮ್ಮ ಎಲ್ಲಿಂದ ಬರಬೇಕ್ರಿ ಅಕ್ಕೋರ? ನನಗ ಇದೊಂದೇ. ಕಡಿಯಾಕ ಬರಂಗಿಲ್ಲ ಅಂತ ತಂದು ಇಡ್ತಾಳ."

ಸರ್ವೆ ಜೀಪಿನ್ಯಾಗ ರೋಗಿ ಒಯ್ಯಬಾರ್ದು ಅಂತಲೂ ಒಂದು ನಿಯಮ ಇತ್ತು. ಒಲ್ಯಾಗ ಬೀಳ್ಲಿ ನಿಯಮ! ಹುಡುಗೀನ ಮುಂದಕ್ಕ ಬಾಗಿಸಿ ಕೂಡಿಸಿ, ಅರಿಬಿಯಿಂದ ಉಗುಳು ಒರಸಕೋತ, ಇದು ತಾಲೂಕು ದವಾಖಾನ್ಯಾಗ ಆಗೋ ಕೆಲಸಲ್ಲ ಅಂತ ಯಾದಗಿರಿ ದಾರಿ ಹಿಡಿದ್ವಿ. ಶಹಾಪುರದ, ಬುದ್ಧ ಮಲಗಿದಂಗ ಕಾಣೋ ಗುಡ್ಡ ದಾಟೋವಾಗ ತಾಯಿ, "ತೊಡಿ ಮ್ಯಾಲ ಮಲಗಿಸ್ಕೊಳ್ಳೇನ್ರಿ? ನಾಕು ದಿನದಿಂದ ಮಲಗಿಲ್ಲ" ಅಂದ್ಲು. "ಮಲಗಿಸಬ್ಯಾಡವ್ವ!" ಅಂತ ಒದರಿದೆ. ಅಕ್ಕ ಹುಡುಗಿ ಬೆನ್ನು ತಿಕ್ಕತಿದ್ಲು. ಭೀಮಾ ಸೇತುವಿ ಮ್ಯಾಲ ಹುಡುಗಿ ತುಟಿ ನೀಲಿ ಆದ್ವು. ನಾನು ಬಾಯಾಗ ಬೆರಳು ಹಾಕಿ ನಾಲಿಗಿ ಮುಂದಕ್ಕ ಹಿಡಿದೆ. ಅಕಿ ಹಲ್ಲು ನನ್ನ ಬೆರಳಿಗಿ ನಟ್ಟವು. ನಡಲಿ ಅನಿಸ್ತು.

ದವಾಖಾನ್ಯಾಗ ತಡ ಮಾಡಲಿಲ್ಲ. ಮೊದಲು ಉಸಿರಿಗಿ ನಳಿಗಿ ಹಾಕಿದ್ರು, ಆಮ್ಯಾಲ ಗದ್ದದ ಕೆಳಗ ಕೊಯ್ದು ಕೀವು ಬಸಿದ್ರು. ಆ ಬೇರನ್ನೂ ಕಿತ್ತರು. ಹೊರಗ ಬಾಕಿನ ಮ್ಯಾಲ ತಾಯಿ ಬಾಜೂಕ ಕುಂತೆ. ಅಕಿ ಕಾಲಿಗಿ ಇನ್ನೂ ಗದ್ದಿ ರಾಡಿ ಮೆತ್ತಿತ್ತು. ಏನು ಮಾತಾಡಬೇಕು ತಿಳಿಯದ, "ಚೀಟಿ ಕೊಟ್ಟಿದ್ದೆನಲ್ಲವ್ವ, ಸಿಕ್ಕಿರಲಿಲ್ಲೇನು?" ಅಂದೆ. ಈ ಮಾತು ನನ್ನ ಬಾಯಾಗ ಹ್ಯಾಂಗ ಬಂತೋ.

"ಸಿಕ್ಕಿತ್ರಿ. ಬಾಜೂ ಮನಿಯಾಕಿ ಓದಿ ಹೇಳಿದ್ಲು. ಬುದ್ಧನ ಫೋಟೋದ ಹಿಂದ ಜ್ವಾಕಿಯಿಂದ ಇಟ್ಟೀನಿ. ನಾಟಿ ಮುಗಿದ ಕೂಡ್ಲೆ ತೋರಸ್ಬೇಕು ಅಂತ ಮಾಡಿದ್ದೆ." ಕಾಲಿನ ರಾಡಿ ಕೆರಕೋತ ಅಂದ್ಲು, "ಬಿಡುವಾದಾಗ ಅಂತ ನೀವ ಬರದಿದ್ರಿ ಅಕ್ಕೋರ. ನಮಗ ಬಿಡುವು ಯಾವಾಗ್ರಿ? ಇವತ್ತ ಅಂತ ಬರದಿದ್ರ ಇವತ್ತ ಬರ್ತಿದ್ದೆ."

ನಾನು ಅತ್ತೆ. ನಾಚಿಕಿ ಬಿಟ್ಟು ಅತ್ತೆ. ತಾಯಿನೇ ನನಗ ನೀರು ತಂದು ಕೊಟ್ಲು.

ಮರುದಿನ ಫೋನ್ ಹಚ್ಚಿ, ಅಧ್ಯಯನ ನಿಲ್ಲಿಸೀನಿ ಅಂದೆ. ಮಾರ್ಗದರ್ಶಕರು ಅವಧಿ ಮೀರ್ತದ ಅಂದ್ರು, ಇದು ಶಿಸ್ತು ಅಲ್ಲ ಅಂದ್ರು. "ಮೀರ್ಲಿ ಬಿಡ್ರಿ ಸರ್" ಅಂದು ಇಟ್ಟೆ. ಅಟ್ಟ ಮ್ಯಾಲ ಒಲಿ ಉರಿದಂಗ ನನ್ನ ಸಿಟ್ಟು. ಬಿಳಿ ಚೀಟಿ ಕಟ್ಟು ಹರದು ಹಾಕಿದೆ. ಹೊಸಾ ಚೀಟಿ ಅಕ್ಕನ ಕೈಲೇ ಬರಿಸಿದೆ: 'ನಾಳೆ ಮುಂಜಾನೆ ದವಾಖಾನಿಗಿ ಕರಕೊಂಡು ಬರ್ರಿ. ಕೀವು ಏರಿದ್ರ ಜೀವಕ್ಕ ಅಪಾಯ.' ಬ್ಯಾರೆ ಇಟ್ಟ ಫಾರ್ಮು ಹಿಡ್ಕೊಂಡು ಊರೂರಿಗಿ ಹಿಂದಕ್ಕ ಹೋದ್ವಿ. ಈ ಸಲ ತ್ರಾಸ ಅದೇನು ಅಂತ ಯಾರಿಗೂ ಕೇಳ್ಲಿಲ್ಲ. ಕಡಕ್ ರೊಟ್ಟಿ ಒಯ್ದು ಕೈಯಾಗ ಕೊಟ್ಟು, ತಿನ್ನೋದು ನೋಡಕೋತ ಕುಂತ್ವಿ. ಒಂದು ಹುಡುಗ ನೀರಾಗ ಅದ್ದಿ ನುಂಗಿದ, ಒಬ್ಬಾಕಿ ಬಲಕ್ಕಷ್ಟೇ ಅಗದ್ಲು, ಒಬ್ಬಾಕಿ ತಿಂದಂಗ ಮಾಡಿ ಉಡಿಯಾಗ ಕಟಗೊಂಡ್ಲು. ಹದಿನಾರು ಪ್ರಶ್ನಿ ಹೇಳದ್ದನ್ನ ಒಂದು ರೊಟ್ಟಿ ಹೇಳ್ತು. ಕೆಲವರನ್ನ ದವಾಖಾನಿಗಿ ಮುಟ್ಟಿಸಿದ್ವಿ. ಕೆಲವರು ತಾಯಿ ತಂದಿ ಜೋಡಿ ದುಡಿಯಾಕ ಬ್ಯಾರೆ ಊರಿಗಿ ಹೋಗಿದ್ರು, ಮನಿಗಿ ಕೀಲಿ. ಅವರ ಬಾಯಿ ಏನಾತೋ ನನಗ ಇವತ್ತಿಗೂ ಗೊತ್ತಿಲ್ಲ.

ಅದೆಲ್ಲ ಮುಗಿದ ಮ್ಯಾಲ ನಿಲ್ಲಿಸಿದ್ದ ಅಧ್ಯಯನ ಮತ್ತ ಶುರು ಆತು. ಮರುಪರೀಕ್ಷೆ ಅಂತ ಒಂದು ಉಳಿದಿತ್ತು. ಕೆಲವು ಮಕ್ಕಳಿಗಿ ಕೆಲವು ವಾರ ಬಿಟ್ಟು ಅದೇ ಫಾರ್ಮು ಮತ್ತ ಕೇಳಬೇಕು. ಎರಡು ಸಲದ ಉತ್ತರ ಒಂದೇ ಆದ್ರ ಫಾರ್ಮು ನಂಬಾಕ ಯೋಗ್ಯ ಅಂತ ಅರ್ಥ. ಆ ಹೆಸರಿನ ಪಟ್ಟಿ ಮೊದಲೇ ತಯಾರಾಗಿತ್ತು, ಅದರಾಗ ಅಕಿ ಹೆಸರೂ ಇತ್ತು.

ಹೋದಾಗ ಹೆಡ್ ಮಾಸ್ತರು ನನ್ನ ಕಣ್ಣು ತಪ್ಪಿಸಿದ. ಆಮ್ಯಾಲ ತಾನಾಗೇ ವರ್ಗಕ್ಕ ಹೋಗಿ, "ಏ ಹುಡುಗ್ರಾ, ಇವ್ರು ಅಂಥಾ ಸಾಹೇಬ್ರಲ್ಲ. ತ್ರಾಸ ಇದ್ರ ಅದ ಅನ್ರಿ. ಖರೇ ಹೇಳ್ರಿ. ತ್ರಾಸ ಅದೇನು?" ಅಂದ. "ಖರೇನೂ ತ್ರಾಸಿಲ್ರಿ ಸರ್!" ಅಂತ ವರ್ಗ ಒದರಿತು. ಅವನು ಹಣಿ ಬಡಕೊಂಡು ಹೊರಗ ಹೋದ. ನಾವು ಒಬ್ಬೊಬ್ಬರನ್ನೇ ಬೇವಿನ ಗಿಡದ ಕೆಳಗ ಕರಿಸಿದ್ವಿ.

ಅಕಿ ಕಡೀಕ ಬಂದ್ಲು. ಗದ್ದದ ಕೆಳಗ ಗಾಯದ ಗುರುತು, ಬಾಯಿ ಇನ್ನೂ ಎರಡು ಬೆರಳಷ್ಟೇ ತಗಿತಿತ್ತು. ಅಕ್ಕ ಒಂದೊಂದೇ ಪ್ರಶ್ನಿ ಓದಿದ್ಲು. ಇಲ್ರಿ. ಇಲ್ರಿ. ಇಲ್ರಿ. ನಿದ್ದಿ ಪ್ರಶ್ನಿ ಬಂದಾಗ ನನಗ ತಡಿಯಾಕ ಆಗಲಿಲ್ಲ. "ದವಾಖಾನಿಗಿ ಹೋದ್ವಲ್ಲವ್ವ, ಆ ದಿನಾನೂ ಸೇರಸಿ ಹೇಳು. ನಿದ್ದಿ ಬಂದಿತ್ತೇನು?"

ಅಕಿ ಅಕ್ಕನ ಪೆನ್ನು ನೋಡಿದ್ಲು. "ಬರಕೋತೀರೇನ್ರಿ?"

"ಹೂಂ."

"ಹಂಗಾದ್ರ ಬಂದಿತ್ರಿ."

"ಅಕ್ಕ, ಪೆನ್ನು ಮುಚ್ಚು" ಅಂದೆ. ಅಕ್ಕ ಮುಚ್ಚಿ ತೊಡಿ ಮ್ಯಾಲ ಇಟ್ಲು. "ಈಗ ಹೇಳವ್ವ. ಯಾರೂ ಬರಿಯಂಗಿಲ್ಲ."

ನೆಲ ಕೆದರಕೋತ ಹೇಳಿದ್ಲು. "ನಿದ್ದಿ ಬರ್ತಿರಲಿಲ್ರಿ. ಅವ್ವ ಗದ್ದಿಯಿಂದ ಸಾಕಾಗಿ ಬರ್ತಿದ್ಲು. ನಾ ಅತ್ರ ಅಕಿನೂ ಅಳ್ತಿದ್ಲು. ಅದಕ್ಕ ಮಿಸ್ರಿ ತಿಕ್ಕೊಂಡು ಮಲಗಿದಂಗ ಮಾಡ್ತಿದ್ದೆ." ಗದ್ದದ ಗಾಯದ ಮ್ಯಾಲ ಕೈ ಇಟ್ಕೊಂಡು ನನ್ನ ಕಡಿಗಿ ನೋಡಿದ್ಲು. "ಮೇಡಂ, ಎಲ್ಲಾದಕ್ಕೂ ಇಲ್ಲ ಅಂದೀನಲ್ರಿ. ಈ ಸಲ ಚೀಟಿ ಕೊಡಬ್ಯಾಡ್ರಿ. ಅವ್ವ ಅಳ್ತಾಳ."

ಚೀಟಿ ಕೊಡಂಗಿಲ್ಲ ಅಂದೆ. ಅಕಿ ವರ್ಗಕ್ಕ ಓಡಿದ್ಲು. ಅಕ್ಕ ಹಳೇ ಫಾರ್ಮು ತಗದು ಹೊಸದರ ಬಾಜೂಕ ಇಟ್ಟು ಹೋಲಿಸಿ ನೋಡಿದ್ಲು. ಹದಿನಾರಕ್ಕ ಹದಿನಾರೂ ಒಂದೇ ಇದ್ವು. ಎರಡನ್ನೂ ಒಂದೇ ಟಾಚಣಿ ಪಿನ್ನು ಚುಚ್ಚಿ ನನ್ನ ಕೈಯಾಗ ಕೊಟ್ಲು, ನಾನು ಕೆಳಗ ಸಹಿ ಮಾಡಿದೆ.